ಯಕೃತ್ತಿನ ಕ್ಯಾನ್ಸರ್: ರೋಗಿಗೆ ತಿಳಿಹೇಳುವ ಬಗೆ, ಮನೆಯಲ್ಲಿ ನೋವನ್ನು ನಿಭಾಯಿಸುವ ಕ್ರಮ

ಬೇರೆ ಅಂಗಗಳ ಕ್ಯಾನ್ಸರಿಗೂ ಯಕೃತ್ತಿನ ಕ್ಯಾನ್ಸರಿಗೂ ನೋವಿನ ಚಿಕಿತ್ಸೆಯಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ನಾವು ನುಂಗುವ ನೋವಿನ ಮಾತ್ರೆಗಳಲ್ಲಿ ಹೆಚ್ಚಿನವನ್ನು ಕರಗಿಸಿ, ಕೆಲಸ ಮುಗಿದ ಮೇಲೆ ದೇಹದಿಂದ ಹೊರಹೋಗುವಂತೆ ಮಾಡುವುದು ಯಕೃತ್ತೇ. ಆ ಅಂಗವೇ ಕೆಟ್ಟಿರುವಾಗ ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಸಣ್ಣ ಪ್ರಮಾಣವೂ ದೊಡ್ಡ ಪರಿಣಾಮ ಮಾಡುತ್ತದೆ. ಆದ್ದರಿಂದ ಪಕ್ಕದ ಮನೆಯ ಕ್ಯಾನ್ಸರ್ ರೋಗಿಗೆ ಹಿತವಾದ ಮಾತ್ರೆ ಇವರಿಗೆ ಹೊಂದುತ್ತದೆಂದು ಭಾವಿಸುವಂತಿಲ್ಲ. ಹಾಗೆಂದು ನೋವನ್ನು ಸಹಿಸಿಕೊಂಡೇ ಇರಬೇಕೆಂದೂ ಇಲ್ಲ. ಸರಿಯಾದ ಔಷಧಿ, ಸರಿಯಾದ ಅಳತೆ ಮತ್ತು ಮನೆಯವರ ಎಚ್ಚರ ಒಟ್ಟಾದರೆ ಬಹುಪಾಲು ರೋಗಿಗಳ ನೋವನ್ನು ತಡೆದುಕೊಳ್ಳುವ ಮಟ್ಟಕ್ಕೆ ಇಳಿಸಬಹುದು. ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೂ, ಅವರಿಗೆ ತಿಳಿಹೇಳಬೇಕಾದ ನರ್ಸ್ ಹಾಗೂ ಆಶಾ ಕಾರ್ಯಕರ್ತೆಯರಿಗೂ ಉಪಯೋಗವಾಗಲೆಂದು ಈ ಕ್ರಮವನ್ನು ಬರೆದಿದೆ. ಇಲ್ಲಿ ಕೊಟ್ಟಿರುವ ಪ್ರಮಾಣಗಳು ವೈದ್ಯರೊಡನೆ ಮಾತನಾಡಲು ನೆರವಾಗುವಂಥವು. ಅವರು ಬರೆದ ಚೀಟಿಗೆ ಬದಲಿಯಲ್ಲ.

ಮೊದಲನೆಯ ಹೆಜ್ಜೆ: ಕಾಯಿಲೆಯ ಬಗ್ಗೆ ನಾಲ್ಕು ಸಂಗತಿ ಕೇಳಿ ತಿಳಿದುಕೊಳ್ಳಿ

ಗಡ್ಡೆ ಯಕೃತ್ತಿನಲ್ಲೇ ಹುಟ್ಟಿದ್ದೋ, ಕರುಳು, ಸ್ತನ, ಶ್ವಾಸಕೋಶದಂಥ ಬೇರೆ ಕಡೆಯಿಂದ ಹರಡಿ ಬಂದದ್ದೋ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ. ಜನ ಎರಡನ್ನೂ ಲಿವರ್ ಕ್ಯಾನ್ಸರ್ ಎಂದೇ ಕರೆಯುತ್ತಾರೆ, ಆದರೆ ಚಿಕಿತ್ಸೆಯ ದಾರಿ ಬೇರೆ ಬೇರೆ. ಯಕೃತ್ತಿನಲ್ಲೇ ಹುಟ್ಟುವವುಗಳಲ್ಲಿ ಹೆಚ್ಚಿನವು ಹೆಪಟೋಸೆಲ್ಯುಲರ್ ಕಾರ್ಸಿನೋಮ ಎಂಬ ಬಗೆಯವು. ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಮದ್ಯ, ಯಕೃತ್ತಿನಲ್ಲಿ ಸೇರಿಕೊಂಡ ಕೊಬ್ಬು ಇವುಗಳಿಂದ ಯಕೃತ್ತು ವರ್ಷಗಟ್ಟಲೆ ಪೆಟ್ಟು ತಿಂದು ಗಂಟುಗಂಟಾದಾಗ, ಅಂದರೆ ಸಿರೋಸಿಸ್ ಆದಾಗ, ಈ ಕ್ಯಾನ್ಸರ್ ಬರುವುದು ಹೆಚ್ಚು. ಬೂಷ್ಟು ಹಿಡಿದ ಕಡಲೆಕಾಯಿ, ಜೋಳಗಳಲ್ಲಿ ಇರುವ ಅಫ್ಲಾಟಾಕ್ಸಿನ್ ಎಂಬ ವಿಷವೂ ಒಂದು ಕಾರಣ.

ಎರಡನೆಯದಾಗಿ, ಗಡ್ಡೆಯನ್ನು ಬಿಟ್ಟು ಉಳಿದ ಯಕೃತ್ತು ಎಷ್ಟು ಕೆಲಸ ಮಾಡುತ್ತಿದೆ ಎಂದು ಕೇಳಿ. ವೈದ್ಯರು ಇದನ್ನು ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ವೇಗ, ಹೊಟ್ಟೆಯಲ್ಲಿನ ನೀರು ಮತ್ತು ಮನಸ್ಸಿನ ಎಚ್ಚರ ಎಂಬ ಐದು ಅಂಶಗಳಿಗೆ ಅಂಕ ಕೊಟ್ಟು ಚೈಲ್ಡ್–ಪ್ಯೂ ಎಂಬ ಪದ್ಧತಿಯಲ್ಲಿ ಎ, ಬಿ, ಸಿ ಎಂದು ಗುರುತಿಸುತ್ತಾರೆ. 5–6 ಅಂಕ ಬಂದರೆ ಎ, 7–9 ಬಂದರೆ ಬಿ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಿ. ನೋವಿನ ಔಷಧಿಯ ಆಯ್ಕೆ ಬಹುಮಟ್ಟಿಗೆ ಈ ಒಂದು ಅಕ್ಷರದ ಮೇಲೆ ನಿಂತಿರುವುದರಿಂದ ಅದನ್ನು ಕಡತದ ಮೇಲ್ಪುಟದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಮೂರನೆಯದು ಮೂತ್ರಪಿಂಡದ ಸ್ಥಿತಿ, ಅಂದರೆ ಕ್ರಿಯಾಟಿನಿನ್ ಎಷ್ಟಿದೆ ಎಂಬುದು. ಜೊತೆಗೆ ಎಂಡೋಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬಿರುವುದು ಕಂಡಿದೆಯೇ ಎಂಬುದನ್ನೂ ಕೇಳಿ. ನಾಲ್ಕನೆಯದನ್ನು ಕೇಳಲು ಮನೆಯವರು ಹಿಂಜರಿಯುತ್ತಾರೆ: ಈಗ ನಡೆಯುತ್ತಿರುವ ಚಿಕಿತ್ಸೆ ಕಾಯಿಲೆಯನ್ನು ಪೂರ್ತಿ ತೆಗೆಯಲಿಕ್ಕೋ, ಅದರ ವೇಗವನ್ನು ತಗ್ಗಿಸಲಿಕ್ಕೋ, ಅಥವಾ ಆರಾಮ ಕೊಡಲಿಕ್ಕೋ? ಶಸ್ತ್ರಚಿಕಿತ್ಸೆ ಅಥವಾ ಯಕೃತ್ತಿನ ಕಸಿ ಸಾಧ್ಯವಿರುವವರಿಗೂ, ಕ್ಯಾನ್ಸರಿನ ವೇಗ ತಗ್ಗಿಸುವ ಸೊರಾಫೆನಿಬ್‌ನಂಥ ಮಾತ್ರೆಯಲ್ಲಿರುವವರಿಗೂ, ಉಪಶಾಮಕ ಆರೈಕೆಯಲ್ಲಿ, ಅಂದರೆ ನೋವು, ತೊಂದರೆಗಳನ್ನು ತಗ್ಗಿಸಿ ಆರಾಮ ಕೊಡುವ ಆರೈಕೆಯಲ್ಲಿ ಮಾತ್ರ ಇರುವವರಿಗೂ ನೋವಿನ ಯೋಜನೆ ಬೇರೆಯಾಗುತ್ತದೆ. ನೋವಿನ ಆರೈಕೆ ಎಂದರೆ ಕೊನೆಯ ದಿನಗಳ ಮಾತೆಂದು ತಿಳಿಯಬಾರದು, ಅದು ಕಾಯಿಲೆ ಗೊತ್ತಾದ ದಿನದಿಂದಲೇ ಇತರ ಚಿಕಿತ್ಸೆಯ ಜೊತೆಜೊತೆಗೆ ನಡೆಯಬೇಕಾದದ್ದು.

ಎರಡನೆಯ ಹೆಜ್ಜೆ: ರೋಗಿಗೆ ಹೇಳುವುದು

ನಮ್ಮಲ್ಲಿ ಕುಟುಂಬದವರು ವೈದ್ಯರ ಕೋಣೆಗೆ ರೋಗಿಗಿಂತ ಮೊದಲೇ ಹೋಗಿ ‘ಅವರಿಗೆ ಏನೂ ಹೇಳಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ’ ಎಂದು ಕೇಳಿಕೊಳ್ಳುವುದು ಸಾಮಾನ್ಯ. ಅದರ ಹಿಂದಿರುವುದು ಪ್ರೀತಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹೊಟ್ಟೆ ಉಬ್ಬುತ್ತಿರುವುದು, ತೂಕ ಇಳಿಯುತ್ತಿರುವುದು, ಕಣ್ಣು ಹಳದಿಯಾಗುತ್ತಿರುವುದು ರೋಗಿಗೆ ಕಾಣುತ್ತಲೇ ಇರುತ್ತದೆ. ಮನೆಯಲ್ಲಿ ಎಲ್ಲರೂ ಸುಮ್ಮನಿದ್ದಾರೆಂದರೆ ಅವರು ತಮ್ಮಷ್ಟಕ್ಕೆ ಇನ್ನೂ ಕೆಟ್ಟದ್ದನ್ನು ಊಹಿಸಿಕೊಳ್ಳುತ್ತಾರೆ. ನೋವಿನ ವಿಷಯದಲ್ಲಿ ಇದರಿಂದ ನೇರ ನಷ್ಟವೂ ಇದೆ. ಏನೋ ಗ್ಯಾಸ್ಟ್ರಿಕ್ ಎಂದು ನಂಬಿಸಲ್ಪಟ್ಟ ರೋಗಿ ಮಾರ್ಫಿನ್ ಎಂಬ ಬಲವಾದ ನೋವಿನ ಔಷಧಿಯನ್ನು ಗಂಟೆ ನೋಡಿ ನುಂಗುವುದಿಲ್ಲ, ನೋವು ಹೆಚ್ಚಾದರೂ ಹೇಳುವುದಿಲ್ಲ.

ಎಲ್ಲವನ್ನೂ ಒಂದೇ ದಿನ ಹೇಳಿ ಮುಗಿಸಬೇಕಿಲ್ಲ. ಮೊದಲು ಅವರಿಗೆ ಗೊತ್ತಿರುವುದೇನೆಂದು ಕೇಳಿ: ‘ಅಪ್ಪಾ, ಡಾಕ್ಟರು ಹೇಳಿದ್ದರಲ್ಲಿ ನಿಮಗೆ ಏನು ಅರ್ಥವಾಯ್ತು?’ ಆಮೇಲೆ ಎಷ್ಟು ತಿಳಿಯಬೇಕೆಂದಿದ್ದಾರೆ ಎಂಬುದನ್ನು ಕೇಳಿ: ‘ಎಲ್ಲಾ ವಿವರ ನಿಮಗೇ ಹೇಳಲಾ, ಇಲ್ಲಾ ಅಮ್ಮನಿಗೆ ಹೇಳಲಾ?’ ಕೆಲವರು ‘ನೀನೇ ನೋಡ್ಕೋ’ ಎನ್ನುತ್ತಾರೆ. ಅದೂ ಅವರ ಆಯ್ಕೆಯೇ, ಅದನ್ನು ಗೌರವಿಸಬೇಕು. ತಿಳಿಯಬೇಕೆನ್ನುವವರಿಗೆ ಚಿಕ್ಕ ವಾಕ್ಯಗಳಲ್ಲಿ, ಸುಳ್ಳು ಬೆರೆಸದೆ, ಪೂರ್ತಿ ವಾಸಿಯಾಗುತ್ತದೆಂಬ ಭರವಸೆಯನ್ನಾಗಲಿ ಇನ್ನಿಷ್ಟೇ ತಿಂಗಳು ಎಂಬ ಲೆಕ್ಕವನ್ನಾಗಲಿ ಕೊಡದೆ ಹೇಳಿ, ನಡುನಡುವೆ ನಿಲ್ಲಿಸಿ. ಹೇಳಿ ಮುಗಿದ ಮೇಲೆ ‘ಅರ್ಥವಾಯ್ತಾ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ‘ರಾತ್ರಿ ನೋವು ಬಂದರೆ ಯಾವ ಮಾತ್ರೆ, ಎಷ್ಟು ತಗೋಬೇಕು ಅಂತ ನಾನು ಹೇಳಿದೆ, ಒಂದ್ಸಲ ನೀವೇ ಹೇಳಿ ನೋಡೋಣ’ ಎಂದು ಅವರ ಬಾಯಿಂದಲೇ ಹೇಳಿಸಬೇಕು. ತಪ್ಪಿದ್ದರೆ ಅಲ್ಲೇ ತಿದ್ದಬಹುದು. ಆಸ್ಪತ್ರೆಯ ನರ್ಸ್‌ಗಳಿಗೆ ಈ ವಿಧಾನದ ತರಬೇತಿ ಇರುತ್ತದೆ, ಮನೆಯವರಿಗೂ ಇದು ಕಷ್ಟವೇನಲ್ಲ.

ಇದೇ ಮಾತುಕತೆಯಲ್ಲಿ ತಿಳಿಸಬೇಕಾದ ಇನ್ನೊಂದು ವಿಷಯವಿದೆ. ಕ್ಯಾನ್ಸರ್ ಅಂಟುರೋಗವಲ್ಲ, ತಟ್ಟೆ, ಲೋಟ ಬೇರೆ ಮಾಡುವ ಅಗತ್ಯವಿಲ್ಲ. ಹೆಪಟೈಟಿಸ್ ಬಿ ಇದ್ದರೂ ಅದು ಊಟ, ಸ್ಪರ್ಶಗಳಿಂದ ಹರಡದೆ ರಕ್ತ ಮತ್ತು ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ ದಾಟುತ್ತದೆ. ಆದ್ದರಿಂದ ರೇಜರ್, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ ಮಾತ್ರ ಬೇರೆಯಿರಲಿ. ಸಂಗಾತಿ, ಮಕ್ಕಳು, ಒಡಹುಟ್ಟಿದವರು ರಕ್ತಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಲಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಔಷಧಿ ಉಚಿತ.

ಮೂರನೆಯ ಹೆಜ್ಜೆ: ನೋವಿನ ಜಾಡು ಹಿಡಿಯಿರಿ, ಬರೆದಿಡಿ

ಯಕೃತ್ತಿನ ಒಳಭಾಗಕ್ಕೆ ನೋವು ತಿಳಿಯುವ ನರಗಳಿಲ್ಲ. ಅದನ್ನು ಸುತ್ತಿರುವ ತೆಳುವಾದ ಕವಚಕ್ಕೆ ಮಾತ್ರ ಇವೆ. ಆದ್ದರಿಂದಲೇ ಗಡ್ಡೆ ಸಾಕಷ್ಟು ಬೆಳೆಯುವವರೆಗೂ ಎಷ್ಟೋ ಮಂದಿಗೆ ನೋವೇ ಇರುವುದಿಲ್ಲ. ಆಮೇಲೆ, ತುಂಬಿ ಬಿರಿಯುವಂತಾದ ಮೂಟೆಯ ಹೊಲಿಗೆ ಬಿಗಿಯುವ ಹಾಗೆ, ಕವಚ ಎಳೆದುಕೊಂಡು ಬಲಪಕ್ಕೆಯ ಕೆಳಗೆ ಭಾರವಾದ, ಸದಾ ಇರುವ ನೋವು ಶುರುವಾಗುತ್ತದೆ. ಯಕೃತ್ತು ವಪೆಗೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಗೆ, ತಾಗಿಕೊಂಡಿರುವುದರಿಂದ ಅದೇ ನೋವು ಬಲಭುಜದಲ್ಲಿ ಕಾಣಿಸಿಕೊಳ್ಳಬಹುದು; ಭುಜಕ್ಕೆ ಮುಲಾಮು ತಿಕ್ಕುತ್ತಾ ವಾರಗಳನ್ನು ಕಳೆಯುವವರು ಬಹಳ. ಹೊಟ್ಟೆಯಲ್ಲಿ ನೀರು ತುಂಬಿದಾಗ ಆಗುವ ಬಿಗಿತ, ಎಲುಬಿಗೆ ಹರಡಿದಾಗ ಕದಲಿದರೆ ಚುಚ್ಚುವ ನೋವು, ನರಕ್ಕೆ ತಾಗಿದಾಗ ಉರಿ ಮತ್ತು ಜುಮ್ಮೆನ್ನುವಿಕೆ, ಗಡ್ಡೆಯ ರಕ್ತನಾಳವನ್ನು ಮುಚ್ಚುವ ಚಿಕಿತ್ಸೆಯಾದ ಮೇಲೆ ಕೆಲವು ದಿನ ಬರುವ ಜ್ವರ–ನೋವು, ಸೊರಾಫೆನಿಬ್‌ನಿಂದ ಅಂಗೈ ಅಂಗಾಲು ಕೆಂಪೇರಿ ನೋಯುವುದು ಇವೆಲ್ಲ ಬೇರೆ ಬೇರೆ ನೋವುಗಳು. ಒಂದಕ್ಕೆ ಕೆಲಸ ಮಾಡುವ ಔಷಧಿ ಇನ್ನೊಂದಕ್ಕೆ ಮಾಡದಿರಬಹುದು.

ಆಸ್ಪತ್ರೆಯಲ್ಲಿ 0ಯಿಂದ 10ರವರೆಗೆ ಅಂಕ ಕೊಡಲು ಹೇಳುತ್ತಾರೆ. ಹಳ್ಳಿಯ ಹಿರಿಯರಿಗೆ ಇದು ಅನೇಕ ಸಲ ಹಿಡಿಸುವುದಿಲ್ಲ. ‘ರೂಪಾಯಿಗೆ ಎಷ್ಟಾಣೆ ನೋವಿದೆ?’ ಎಂದು ಕೇಳಿದರೆ ‘ಹನ್ನೆರಡಾಣೆ ಇತ್ತು, ಮಾತ್ರೆ ತಗೊಂಡ್ಮೇಲೆ ನಾಲ್ಕಾಣೆಗೆ ಬಂತು’ ಎಂದು ಥಟ್ಟನೆ ಹೇಳುತ್ತಾರೆ. ಯಾವ ಅಳತೆಯಾದರೂ ಸರಿ, ದಿನವೂ ಅದೇ ಇರಲಿ. ಮಕ್ಕಳ ಹಳೆಯ ನೋಟ್‌ಬುಕ್ಕೇ ಸಾಕು. ಅದರಲ್ಲಿ ಹೀಗೆ ಬರೆಯಿರಿ: ‘ರಾತ್ರಿ 2 ಗಂಟೆ. ಬಲಪಕ್ಕೆ, ಬೆನ್ನಿಗೂ ಹೋಯಿತು. ಹನ್ನೆರಡಾಣೆ. ಹೆಚ್ಚುವರಿ ಮಾತ್ರೆ ಒಂದು. 3 ಗಂಟೆಗೆ ಐದಾಣೆ, ನಿದ್ದೆ ಬಂತು. ಬೆಳಿಗ್ಗೆ ಮಲವಿಸರ್ಜನೆ ಇಲ್ಲ.’ ಮುಂದಿನ ಭೇಟಿಯಲ್ಲಿ ‘ತುಂಬಾ ನೋವು ಸಾರ್’ ಎನ್ನುವುದಕ್ಕಿಂತ ಇಂಥ ಹತ್ತು ಸಾಲು ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಮನೆಯ ಔಷಧಿ ಡಬ್ಬಿಯನ್ನು ಖಾಲಿ ಮಾಡಿ

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಓದಲು ನಿಮಗೆ ಸಮಯವಿದ್ದರೆ ಇದನ್ನೇ ಓದಿ. ಫ್ರಿಜ್ಜಿನ ಮೇಲೋ ದೇವರಕೋಣೆಯ ಪಕ್ಕದ ಗೂಡಿನಲ್ಲೋ ಇರುವ ಔಷಧಿ ಡಬ್ಬಿಯನ್ನು ಚಾಪೆಯ ಮೇಲೆ ಸುರಿದು, ಒಂದೊಂದು ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ನಿಮೆಸುಲೈಡ್, ನೋವಿಗೆಂದು ಇಟ್ಟುಕೊಂಡ ಆಸ್ಪಿರಿನ್ ಇವು ಕಂಡರೆ ರೋಗಿಗೆ ಸಿಗದಂತೆ ತೆಗೆದಿಡಿ. ಸಿರೋಸಿಸ್ ಇರುವವರಲ್ಲಿ ಈ ಗುಂಪಿನ ಮಾತ್ರೆಗಳು ಮೂತ್ರಪಿಂಡವನ್ನು ಹಠಾತ್ತನೆ ಕೆಡಿಸಬಹುದು, ಹೊಟ್ಟೆಯ ನೀರನ್ನು ಹೆಚ್ಚಿಸಬಹುದು, ಜಠರ ಮತ್ತು ಅನ್ನನಾಳದಲ್ಲಿ ರಕ್ತಸ್ರಾವ ತರಬಹುದು. ಕಾಂಬಿಫ್ಲಾಮ್‌ನಂಥ ಮಾತ್ರೆಗಳಲ್ಲಿ ಐಬುಪ್ರೊಫೆನ್ ಮತ್ತು ಪ್ಯಾರಸಿಟಮಾಲ್ ಎರಡೂ ಬೆರೆತಿರುತ್ತವೆ. ಹೆಸರು ನೋಡಿದರೆ ಅದು ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ‘ಮೈಕೈ ನೋವಿಗೆ ಒಂದು ಮಾತ್ರೆ ಕೊಡಿ’ ಎಂದು ಕೇಳಿ ತರುವ ಅಭ್ಯಾಸವನ್ನು ಇಡೀ ಮನೆಯೇ ಬಿಡಬೇಕು. ಈ ಔಷಧಿಗಳು ಇರುವ ನೋವಿನ ಚುಚ್ಚುಮದ್ದಿಗೂ ಇದೇ ಮಾತು.

ಪ್ಯಾರಸಿಟಮಾಲ್ ವಿಷಯದಲ್ಲಿ ಜನರ ತಿಳಿವಳಿಕೆ ತಿರುವುಮುರುವಾಗಿದೆ. ಲಿವರ್ ಕಾಯಿಲೆಗೆ ಅದು ವಿಷವೆಂದು ದೂರವಿಟ್ಟು, ಬದಲಿಗೆ ಡೈಕ್ಲೋಫೆನಾಕ್ ನುಂಗುತ್ತಾರೆ. ನಿಜಕ್ಕೂ ಮಿತಿಯೊಳಗೆ ಬಳಸಿದರೆ ಪ್ಯಾರಸಿಟಮಾಲ್ ಇಂಥ ರೋಗಿಗಳಿಗೆ ಸಾಮಾನ್ಯವಾಗಿ ಮೊದಲ ಆಯ್ಕೆ. ಆ ಮಿತಿ ಮಾತ್ರ ಕಟ್ಟುನಿಟ್ಟು: ಆರೋಗ್ಯವಂತರಿಗೆ ದಿನಕ್ಕೆ 4 ಗ್ರಾಂವರೆಗೆ ಅವಕಾಶವಿದ್ದರೆ, ಸಿರೋಸಿಸ್ ಇರುವವರಿಗೆ ದಿನಕ್ಕೆ 2 ಗ್ರಾಂ ಮೀರಬಾರದು. ಡೋಲೊ 650 ಮಾತ್ರೆಯ ಲೆಕ್ಕದಲ್ಲಿ ಮೂರು ಮಾತ್ರೆಗೆ 1950 ಮಿಲಿಗ್ರಾಂ ಆಗುತ್ತದೆ, ಅಲ್ಲಿಗೆ ಆ ದಿನದ ಕೋಟಾ ಮುಗಿಯಿತು. ಊಟ ಸೇರದೆ ತೀರ ಸೊರಗಿದವರಿಗೂ ಇತ್ತೀಚಿನವರೆಗೆ ಕುಡಿಯುತ್ತಿದ್ದವರಿಗೂ ಇನ್ನೂ ಕಡಿಮೆ ಬೇಕಾಗಬಹುದು, ವೈದ್ಯರನ್ನು ಕೇಳಿ. ನೆಗಡಿ ಮಾತ್ರೆಯಲ್ಲೂ ಟ್ರಮಡಾಲ್ ಬೆರೆತ ಮಾತ್ರೆಯಲ್ಲೂ ಪ್ಯಾರಸಿಟಮಾಲ್ ಇರುತ್ತದೆ, ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು.

ನಿದ್ದೆಗೆಂದು ಇಟ್ಟುಕೊಂಡ ಆಲ್‌ಪ್ರಜೋಲಾಂನಂಥ ಮಾತ್ರೆಗಳೂ ಡಬ್ಬಿಯಿಂದ ಹೊರಬೀಳಲಿ; ದುರ್ಬಲ ಯಕೃತ್ತಿರುವವರಲ್ಲಿ ಅವು ಮನಸ್ಸಿಗೆ ಮಂಕು ಕವಿಸುತ್ತವೆ. ಮೊದಲಿಂದ ದಿನವೂ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಒಮ್ಮೆಲೇ ನಿಲ್ಲಿಸದೆ ವೈದ್ಯರನ್ನು ಕೇಳಿ ನಿಲ್ಲಿಸಿ. ನಾಟಿ ಔಷಧಿಯ ಬಗ್ಗೆ ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ, ಆದರೂ ಹೇಳಲೇಬೇಕು: ಏನೇನು ಬೆರೆತಿದೆಯೆಂದು ಗೊತ್ತಿಲ್ಲದ ಪುಡಿ, ಕಷಾಯಗಳನ್ನು ಅರಗಿಸಬೇಕಾದ್ದೂ ಇದೇ ಯಕೃತ್ತು. ಅಮೃತಬಳ್ಳಿಯನ್ನು ಸೇವಿಸಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದ್ದಾರೆ. ಕಾಮಾಲೆಗೆಂದು ಬರೆ ಹಾಕಿಸುವುದರಿಂದ ಸಿಗುವುದು ಸುಟ್ಟ ಗಾಯ ಮತ್ತು ಸೋಂಕು ಅಷ್ಟೇ.

ಐದನೆಯ ಹೆಜ್ಜೆ: ಗಡಿಯಾರ ನೋಡಿ ಕೊಡಿ

ನೋವು ಬಂದ ಮೇಲೆ ಮಾತ್ರೆ ಹುಡುಕುವುದಲ್ಲ, ಬರುವ ಮೊದಲೇ ಹೊತ್ತಿಗೆ ಸರಿಯಾಗಿ ಕೊಡುವುದು. ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗಾಗಿ 1986ರಲ್ಲಿ ಹೊರತಂದ ಸೂಚನೆಗಳ ತಿರುಳಿನಲ್ಲಿ ಇದೂ ಒಂದು. ಸಾಧ್ಯವಿರುವವರೆಗೆ ಬಾಯಿಯ ಮೂಲಕವೇ ಕೊಡಬೇಕೆಂಬುದು ಇನ್ನೊಂದು. ಪ್ಯಾರಸಿಟಮಾಲ್ ಸಾಲದಾದಾಗ ಇತರ ಕ್ಯಾನ್ಸರುಗಳಲ್ಲಿ ಟ್ರಮಡಾಲ್ ಅಥವಾ ಕೊಡೀನ್ ಕೊಡುವುದುಂಟು. ಈ ಎರಡೂ ಪೂರ್ತಿ ಕೆಲಸ ಮಾಡಬೇಕಾದರೆ ಯಕೃತ್ತು ಅವನ್ನು ಬೇರೊಂದು ರೂಪಕ್ಕೆ ತಿರುಗಿಸಬೇಕು. ಕೆಟ್ಟ ಯಕೃತ್ತಿಗೆ ಅದು ಸರಿಯಾಗಿ ಆಗದು, ಉಳಿದುಕೊಂಡ ಔಷಧಿಯಿಂದ ಅಡ್ಡಪರಿಣಾಮ ಮಾತ್ರ ಹೆಚ್ಚುತ್ತದೆ. ಅದಕ್ಕೇ ಅನೇಕ ವೈದ್ಯರು ನೇರವಾಗಿ ಅತಿ ಸಣ್ಣ ಪ್ರಮಾಣದ ಮಾರ್ಫಿನ್‌ಗೆ ಹೋಗುತ್ತಾರೆ. ಬೇರೆಯವರಿಗೆ 4 ಗಂಟೆಗೊಮ್ಮೆ ಕೊಡುವುದನ್ನು ಇವರಿಗೆ ಅರ್ಧ ಅಥವಾ ಕಾಲು ಮಾತ್ರೆಯಿಂದ ಶುರುಮಾಡಿ, 6 ಅಥವಾ 8 ಗಂಟೆಗೊಮ್ಮೆ ಕೊಡುವಂತೆ ಬರೆಯಬಹುದು. ಪ್ರಮಾಣ ಕಡಿಮೆಯೆಂದು ನೀವೇ ಹೆಚ್ಚಿಸಬೇಡಿ, ಹೆದರಿ ತಪ್ಪಿಸಲೂ ಬೇಡಿ. ನಡುವೆ ನೋವು ಭುಗಿಲೆದ್ದರೆ ಕೊಡಬೇಕಾದ ಹೆಚ್ಚುವರಿ ಮಾತ್ರೆ ಯಾವುದು, ದಿನಕ್ಕೆ ಎಷ್ಟು ಸಲ ಎಂಬುದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಹೆಚ್ಚುವರಿ ಮಾತ್ರೆ ಪದೇ ಪದೇ ಬೇಕಾಗುತ್ತಿದ್ದರೆ ಮೂಲ ಪ್ರಮಾಣವನ್ನು ತಿದ್ದಬೇಕೆಂದು ಅರ್ಥ.

ಮಾರ್ಫಿನ್ ಎಂದ ಕೂಡಲೇ ‘ಚಟ ಹತ್ತುತ್ತದೆ’, ‘ಇದು ಕೊನೆಗಾಲದ ಔಷಧಿ’ ಎಂಬ ಮಾತು ಮನೆಯಲ್ಲಿ ಏಳುತ್ತದೆ. ಸರಿಯಾದ ನಿಗಾದಲ್ಲಿ ಕ್ಯಾನ್ಸರ್ ನೋವಿಗೆ ತೆಗೆದುಕೊಳ್ಳುವವರಲ್ಲಿ ಚಟ ಅಪರೂಪ. ಎರಡು ತಿಂಗಳು ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಬೆವರು, ನಡುಕ ಬರುವುದು ದೇಹದ ಒಗ್ಗಿಕೆ. ಅದನ್ನು ಚಟವೆನ್ನಲಾಗದು, ನಿಧಾನವಾಗಿ ಇಳಿಸಿದರೆ ಅದು ಬರುವುದೂ ಇಲ್ಲ. ಮಾರ್ಫಿನ್ ಎಲ್ಲ ಅಂಗಡಿಗಳಲ್ಲಿ ಸಿಗದಿರುವುದಕ್ಕೆ ಕಾರಣ 1985ರ ಮಾದಕವಸ್ತು ಕಾಯ್ದೆ. 2014ರ ತಿದ್ದುಪಡಿ ಮಾರ್ಫಿನ್, ಫೆಂಟನಿಲ್ ಮುಂತಾದವನ್ನು ಅಗತ್ಯ ಔಷಧಿಗಳೆಂದು ಗುರುತಿಸಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳುವುದನ್ನು ಸುಲಭಗೊಳಿಸಿತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಇದಕ್ಕೆಂದೇ ನೋವು ಮತ್ತು ಉಪಶಾಮಕ ಆರೈಕೆಯ ವಿಭಾಗವಿದೆ. ದೂರದ ಊರಿನವರು ಮಾತ್ರೆ ಮುಗಿಯಲು ಒಂದು ವಾರವಿರುವಾಗಲೇ ಹೊರಡಬೇಕು, ಮುಗಿದ ದಿನವಲ್ಲ.

ಮಾರ್ಫಿನ್ ಶುರುವಾದ ದಿನವೇ ಮಲಬದ್ಧತೆಯ ಔಷಧಿಯೂ ಶುರುವಾಗಬೇಕು. ಬೇರೆ ರೋಗಿಗಳಿಗೆ ಮಲಬದ್ಧತೆ ಹಿಂಸೆ, ಇವರಿಗೆ ಅಪಾಯ: ಕರುಳಿನಲ್ಲಿ ತಂಗಿದ ಮಲದಿಂದ ಅಮೋನಿಯ ರಕ್ತಕ್ಕೆ ಸೇರಿ, ಅದನ್ನು ಶುದ್ಧಿಮಾಡಲಾಗದ ಯಕೃತ್ತನ್ನು ದಾಟಿ ಮಿದುಳಿಗೆ ಮಂಕು ಹಿಡಿಸುತ್ತದೆ. ಲ್ಯಾಕ್ಟುಲೋಸ್ ಸಿರಪ್ಪನ್ನು ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಾಗುವಷ್ಟು ಹೊಂದಿಸಿಕೊಳ್ಳಬೇಕು. ಭೇದಿಯಾಗುವಷ್ಟು ಕೊಟ್ಟರೆ ನೀರು, ಲವಣ ಕಳೆದು ಮತ್ತೊಂದು ತೊಂದರೆ. ಇಸಬ್‌ಗೋಲ್ ಮಾರ್ಫಿನ್ ಜೊತೆ ಒಳ್ಳೆಯದಲ್ಲ, ಕರುಳಿನಲ್ಲಿ ಗಟ್ಟಿಯಾಗಿ ನಿಲ್ಲಬಹುದು. ಮೊದಲ ವಾರದ ವಾಕರಿಕೆಗೆ ಔಷಧಿ ಉಂಟು, ಮೊದಲ ಎರಡು ಮೂರು ದಿನದ ತೂಕಡಿಕೆ ತಾನಾಗಿ ಇಳಿಯುತ್ತದೆ.

ಫೆಂಟನಿಲ್ ಪ್ಯಾಚ್, ಅಂದರೆ ಚರ್ಮಕ್ಕೆ ಅಂಟಿಸುವ ನೋವಿನ ಔಷಧಿಯ ಪಟ್ಟಿ, ಬರೆದುಕೊಟ್ಟಿದ್ದರೆ ಅದು ಸಾಮಾನ್ಯವಾಗಿ 72 ಗಂಟೆಗೊಮ್ಮೆ ಬದಲಿಸುವಂಥದ್ದು, ಹಚ್ಚಿದ 12ರಿಂದ 24 ಗಂಟೆಯ ಮೇಲೆ ಅದರ ಪೂರ್ಣ ಗುಣ ಕಾಣುತ್ತದೆ. ಅದರ ಮೇಲೆ ಬಿಸಿನೀರಿನ ಚೀಲ ಇಡಬಾರದು. ಜ್ವರ ಬಂದರೆ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಶಾಖಕ್ಕೆ ಔಷಧಿ ಒಮ್ಮೆಲೇ ಹೆಚ್ಚು ಒಳಸೇರುತ್ತದೆ. ಕತ್ತರಿಸಬೇಡಿ. ತೆಗೆದ ಪ್ಯಾಚಿನಲ್ಲಿ ಇನ್ನೂ ಔಷಧಿ ಉಳಿದಿರುವುದರಿಂದ ಅಂಟು ಒಳಗೆ ಬರುವಂತೆ ಮಡಚಿ ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಆರನೆಯ ಹೆಜ್ಜೆ: ಮಾತ್ರೆಯ ಆಚೆಗಿನ ದಾರಿಗಳನ್ನು ಕೇಳಿ

ಕವಚದ ಬಿಗಿತಕ್ಕೆ ಕೆಲವು ದಿನಗಳ ಡೆಕ್ಸಾಮೆಥಸೋನ್, ನರದ ಉರಿಗೆ ಗ್ಯಾಬಪೆಂಟಿನ್, ಎಲುಬಿನ ನೋವಿಗೆ ಒಂದೇ ಬಾರಿಯ ವಿಕಿರಣ ಚಿಕಿತ್ಸೆ, ಮೇಲ್ಹೊಟ್ಟೆಯ ಹಠಮಾರಿ ನೋವಿಗೆ ನರಗಂಟಿಗೆ ಕೊಡುವ ಚುಚ್ಚುಮದ್ದು ಇವೆಲ್ಲ ಇವೆ. ನಿಮ್ಮವರಿಗೆ ಯಾವುದು ಹೊಂದುತ್ತದೆಂದು ಕೇಳಿ. ಹೊಟ್ಟೆಯ ನೀರೇ ನೋವಿಗೆ ಕಾರಣವಾಗಿದ್ದರೆ ಸೂಜಿಯಿಂದ ನೀರು ತೆಗೆಸಿದೊಡನೆ ಉಸಿರಾಟವೂ ಸಲೀಸಾಗುತ್ತದೆ. ಆ ನೀರು ಬೇಗ ತುಂಬದಿರಲು ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಟ್ಟರೆ ಅರ್ಧ ಕೆಲಸವಾದಂತೆ. ಬೇಳೆ, ಮೊಸರು, ಮೊಟ್ಟೆಯಂಥ ಪ್ರೋಟೀನನ್ನು ನಿಲ್ಲಿಸಬೇಡಿ. ಒಮ್ಮೆಗೆ ತುಂಬ ಉಣ್ಣಿಸದೆ ಸ್ವಲ್ಪಸ್ವಲ್ಪವಾಗಿ ಐದಾರು ಸಲ ಕೊಟ್ಟು, ಮಲಗುವ ಮುನ್ನ ಒಂದು ಲೋಟ ರಾಗಿಗಂಜಿಯನ್ನೋ ಹಾಲನ್ನೋ ಕೊಡಿ. ಮದ್ಯ ಒಂದು ಗುಟುಕೂ ಬೇಡ.

ಏಳನೆಯ ಹೆಜ್ಜೆ: ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಹೊತ್ತು

ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ. ಮಾತು ತೊದಲುವುದು, ಹೆಸರು ಮರೆಯುವುದು. ಎರಡೂ ಕೈ ಮುಂದೆ ಚಾಚಿ ಅಂಗೈಯನ್ನು ಹಿಂದಕ್ಕೆ ಬಾಗಿಸಿ ಹಿಡಿಯಲು ಹೇಳಿದಾಗ ಕೈಗಳು ಪಟಪಟನೆ ಕುಸಿಯುವುದು ಇವು ಮಿದುಳಿಗೆ ಮಂಕು ಕವಿಯುತ್ತಿರುವ ಗುರುತು. ದಿನವೂ ಬೆಳಿಗ್ಗೆ ನೋವಿನ ಪುಸ್ತಕದಲ್ಲೇ ಅವರಿಂದ ಒಂದು ಸಹಿ ಹಾಕಿಸಿ. ಅಕ್ಷರ ಅಂಕುಡೊಂಕಾಗತೊಡಗಿದರೆ ಎಷ್ಟೋ ವೇಳೆ ಬೇರೆ ಲಕ್ಷಣಕ್ಕಿಂತ ಮೊದಲೇ ಸುಳಿವು ಸಿಗುತ್ತದೆ. ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಜ್ವರದೊಡನೆ ಹೊಟ್ಟೆನೋವು, ಮೂತ್ರ ತೀರ ಕಡಿಮೆಯಾಗುವುದು, ಮಾರ್ಫಿನ್ ತೆಗೆದುಕೊಂಡವರು ಎಬ್ಬಿಸಿದರೂ ಏಳದೆ ಉಸಿರು ನಿಧಾನವಾಗುವುದು ಇವು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆಮಾಡಿ. ಹೊಟ್ಟೆಯಲ್ಲಿ ಏಕಾಏಕಿ ಅಸಾಧ್ಯ ನೋವು ಬಂದು ತಲೆಸುತ್ತಿ ಬೆವರಿದರೆ ಗಡ್ಡೆ ಒಡೆದು ಒಳಗೆ ರಕ್ತ ಸೋರುತ್ತಿರಬಹುದು. ಅಂಥ ನೋವಿಗೆ ಹೆಚ್ಚುವರಿ ಮಾತ್ರೆ ಕೊಟ್ಟು ಕೂರುವಂತಿಲ್ಲ. ಎಲುಬಿಗೆ ಹರಡಿರುವವರ ಕಾಲು ಹಠಾತ್ತನೆ ಬಲಗುಂದುವುದೂ ತುರ್ತು.

ಕೊನೆಯದಾಗಿ: ನೋಡಿಕೊಳ್ಳುವವರು ಮತ್ತು ಮುಂದಿನ ದಿನಗಳು

ರಾತ್ರಿಯೆಲ್ಲ ಎಚ್ಚರವಿರುವ ಸೊಸೆಯೋ ಮಗಳೋ ಒಬ್ಬಳೇ ಎಲ್ಲವನ್ನೂ ಹೊರುವ ಮನೆಗಳಲ್ಲಿ ಮಾತ್ರೆಯ ಹೊತ್ತು ತಪ್ಪುವುದು ಸಹಜ. ಹಗಲು ಮತ್ತು ರಾತ್ರಿಯ ಪಾಳಿಯನ್ನು ಹಂಚಿಕೊಂಡು, ಯಾರು ಯಾವ ಹೊತ್ತಿನ ಮಾತ್ರೆಗೆ ಹೊಣೆ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದುಬಿಡಿ. ರೋಗಿಗಾಗಲಿ ಮನೆಯವರಿಗಾಗಲಿ ಮನಸ್ಸು ಕುಸಿದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತನಾಡಬಹುದು. ಕಾಯಿಲೆ ವಾಸಿಯಾಗದ ಹಂತ ತಲುಪಿದವರಿಗೆ ಬೆಂಗಳೂರಿನ ಕರುಣಾಶ್ರಯ ಎಂಬ ಉಪಶಾಮಕ ಆರೈಕೆ ಕೇಂದ್ರ ಶುಲ್ಕವಿಲ್ಲದೆ ಆರೈಕೆ ಕೊಡುತ್ತದೆ. ಬೇರೆ ಊರಿನವರು ಜಿಲ್ಲಾಸ್ಪತ್ರೆಯಲ್ಲಿ ಉಪಶಾಮಕ ಆರೈಕೆಯ ವ್ಯವಸ್ಥೆ ಏನಿದೆಯೆಂದು ವಿಚಾರಿಸಬೇಕು.

ನುಂಗಲು ಆಗದ ದಿನ ಬಂದಾಗ ನೋವಿನ ಔಷಧಿಯನ್ನೂ ನಿಲ್ಲಿಸುವವರಿದ್ದಾರೆ. ಹಾಗೆ ಮಾಡಬೇಡಿ. ಮಾತು ನಿಂತವರಿಗೂ ನೋವಿರುತ್ತದೆ. ಹುಬ್ಬು ಗಂಟಿಕ್ಕುವುದು, ಮಗ್ಗುಲು ಬದಲಿಸುವಾಗ ನರಳುವುದು ಅದರ ಗುರುತು. ಚರ್ಮದಡಿಗೆ ಸಣ್ಣ ಸೂಜಿಯ ಮೂಲಕ ಔಷಧಿ ಕೊಡುವ ಏರ್ಪಾಡನ್ನು ಉಪಶಾಮಕ ತಂಡ ಮನೆಯಲ್ಲೇ ಮಾಡಿಕೊಡಬಲ್ಲದು. ಆ ತಂಡದ ಫೋನ್ ಸಂಖ್ಯೆಯನ್ನೂ, ರಾತ್ರಿ ಹೊತ್ತು ಯಾರು ಕರೆ ತೆಗೆದುಕೊಳ್ಳುತ್ತಾರೆಂಬುದನ್ನೂ ಈಗಲೇ ನೋವಿನ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಯಾರಿಗೂ ಕೊಡದೆ, ಕಸಕ್ಕೂ ಎಸೆಯದೆ, ತಂದ ಆಸ್ಪತ್ರೆಗೇ ಹಿಂದಿರುಗಿಸಿ.